ಬೀಗರು ಬಿಗಿದ ಬ್ಲೇಡು

ಸೆಪ್ಟೆಂಬರ್ 3, ಗುರುವಾರ

ನನ್ನ ಹೆಂಡ್ತಿ ಇವತ್ತು ಬೆಳಿಗ್ಗೆ ಎರಡೂ ಕೈ ಜೋಡಿಸಿ ಮುಗಿದಳು. "ರೀ, ನಿಮ್ಮ ಬ್ಲೇಡಿನ ಕಥೆ ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿದೆ. ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ. ಅದಕ್ಕೆ ಬೇಜಾರಾಗಲ್ಲ." ಸರಿ ತಾಯಿ ಅಂದೆ. ಅದಕ್ಕೇ ಈಗ ಡ್ರೈವಿಂಗ್ ಸ್ಕೂಲಿನ ಕಾರಲ್ಲಿ ಕೂತು ಒಬ್ಬನೇ ಮಾತಾಡ್ತಿದ್ದೀನಿ. ಮುಂದಿನ ಶಿಷ್ಯೆ ಇನ್ನೂ ಬಂದಿಲ್ಲ. ಆಯಮ್ಮನಿಗೆ ರಿವರ್ಸ್ ಅಂದ್ರೆ ಭಯ, ರಿವರ್ಸ್ ಪಾಠ ಇರೋ ದಿನ ತಡವಾಗೇ ಬರೋದು. ಬರಲಿ, ನಿಧಾನಕ್ಕೆ ಬರಲಿ. ನಂಗೆ ಹೇಳೋದು ಬಹಳ ಇದೆ.

ಬ್ಲೇಡು ಬಂತು. ನನ್ನ ತೊಡೆ ಮೇಲೇ ಇದೆ ಡಬ್ಬಿ. ಎಣ್ಣೆ ಕಾಗದದಲ್ಲಿ ಎಳೆಮಗು ಸುತ್ತಿದ ಹಾಗೆ ಸುತ್ತಿ ಕೊಟ್ಟಿದ್ದಾರೆ. ಬಿಚ್ಚಿ ನೋಡಿದೆ. ಮುಖ ಕಾಣುತ್ತೆ, ಅಷ್ಟು ಹೊಳಪು. ಐವತ್ತಾದೋನ ಮುಖಾನೇ ಕಾಣಿಸ್ತು, ಅದರಲ್ಲೇನೂ ಬದಲಾವಣೆ ಇಲ್ಲ.

ನಾನು ಐಸ್ ಮೇಲೆ ಸ್ಕೇಟಿಂಗ್ ಶುರು ಮಾಡಿದ್ದು ನಾಲ್ಕು ವರ್ಷದ ಹಿಂದೆ. ಮಂಡಿ ಹಿಡ್ಕೊಂಡಿದೆ, ದಿನಾ ನಡೀರಿ ಅಂದ್ರು ಡಾಕ್ಟರು. ನಡೆಯೋಕೆ ಬೇಜಾರು, ಜಾರೋಕೆ ಹೋದೆ. ಇಡೀ ದಿನ ಕಲಿಯೋರ ಪಕ್ಕದ ಸೀಟಲ್ಲಿ ಕೂತು, ನನ್ನ ಕಾಲ ಕೆಳಗಿರೋ ಎರಡನೇ ಬ್ರೇಕ್ ಮೇಲೆ ಪಾದ ಇಟ್ಕೊಂಡು ಉಸಿರು ಬಿಗಿಹಿಡಿದಿರ್ತೀನಿ. ಐಸ್ ಮೇಲೆ ಬ್ರೇಕೇ ಇಲ್ಲ. ಅದು ನಂಗೆ ಹುಚ್ಚು ಹಿಡಿಸಿಬಿಡ್ತು.

ಬೂಟು ಚೆನ್ನಾಗೇ ಇದೆ, ಕಾಲಿಗೆ ಒಗ್ಗಿದೆ. ಬ್ಲೇಡು ಮಾತ್ರ ಬೂಟಿನ ಜೊತೆಗೆ ಬಂದ ಹಳೇದು, ಕಲಿಯೋರದು. ಸಾಣೆ ಹಿಡಿಸಿ ಹಿಡಿಸಿ ಸವೆದು ಹೋಗಿದೆ. ಕೋಚ್ ಮೇಡಂ ಉಗುರಲ್ಲಿ ಕೆರೆದು ನೋಡಿ, "ಸರ್, ಇದರಲ್ಲಿ ಇನ್ನು ಉಕ್ಕೇ ಉಳಿದಿಲ್ಲ. ಇದನ್ನ ಹಾಕ್ಕೊಂಡು ಜಿಗಿಯೋದು ಒಂದೇ, ಚಮಚದ ಮೇಲೆ ನಿಲ್ಲೋದು ಒಂದೇ" ಅಂದಿದ್ರು. ಹೊಸದು ಒಂದು ಮೆಟ್ಟಿಲು ಮೇಲಿನದು. ಉಕ್ಕು ಗಟ್ಟಿ, ಮುಂದಿನ ತುದೀಲಿರೋ ಹಲ್ಲು ದೊಡ್ಡದು, ಐಸನ್ನ ಕಚ್ಚಿ ಹಿಡಿದು ಮೇಲಕ್ಕೆ ಎಸೆಯುತ್ತಂತೆ.

ಇಪ್ಪತ್ತೇಳಕ್ಕೆ ಪರೀಕ್ಷೆ. ಗಾಳೀಲಿ ಒಂದು ಪೂರ್ತಿ ಸುತ್ತು ತಿರುಗಿ, ಬಲಗಾಲಿನ ಮೇಲೆ, ಹಿಮ್ಮುಖವಾಗಿ, ಬ್ಲೇಡಿನ ಹೊರ ಅಂಚಲ್ಲಿ ಇಳೀಬೇಕು. ಇನ್ನೊಂದು ಕಾಲು ಊರಬಾರದು. ಹಿಂದೆ ಊರಿ ಊರಿ ಫೇಲಾಗಿದ್ದೀನಿ. ಈ ಸಲವೂ ಆಗದಿದ್ರೆ ದೊಡ್ಡೋರ ತರಗತೀಲಿ ಜಾಗ ಇಲ್ಲ, ವಾಪಸ್ ಮಕ್ಕಳ ಜೊತೆ. ಅಲ್ಲೊಬ್ಬಳು ಮುಂದಿನ ಹಲ್ಲು ಬಿದ್ದ ಹುಡುಗಿ ಇದ್ದಾಳೆ. ನಾನು ಬಿದ್ದಾಗೆಲ್ಲ ಬಂದು, "ಅಂಕಲ್, ಏಳಿ, ಅಳಬಾರದು" ಅಂತಾಳೆ. ಅವಳ ಕೈಗೆ ಮತ್ತೆ ಸಿಕ್ಕೋಕೆ ನಂಗಿಷ್ಟ ಇಲ್ಲ.

ಒಂದೇ ತೊಂದರೆ. ಅಂಗಡೀಲಿ ಬ್ಲೇಡು ಕೂರಿಸಿಕೊಡೋನು ಮಗಳ ಹೆರಿಗೆ ಅಂತ ರಜಾ ಹಾಕಿದ್ದಾನೆ. ತಿಂಗಳು ಮುಗಿದ ಮೇಲೇ ಬರೋದಂತೆ. ಬೇರೆ ಯಾರಾದ್ರೂ ಸಿಗ್ತಾರೆ ಬಿಡು.

ಬಂದಳು ಶಿಷ್ಯೆ. ದೂರದಿಂದಲೇ ಕಾರನ್ನ ಕಚ್ಚೋ ನಾಯೀನ ನೋಡಿದ ಹಾಗೆ ನೋಡ್ತಿದ್ದಾಳೆ.

ಸೆಪ್ಟೆಂಬರ್ 6, ಭಾನುವಾರ

ಮಗಳ ಮನೆಗೆ ಹೋಗಿದ್ವಿ. ಅಂದ್ರೆ ಬೀಗರ ಮನೆಗೆ. ಮಗಳ ಮದುವೆಯಾಗಿ ವರ್ಷ ಕಳೀತು, ನಾನೂ ಅವಳ ಮಾವನೂ ಇನ್ನೂ ಮದುವೆ ದಿನದಲ್ಲೇ ನಿಂತಿದ್ದೀವಿ. "ನೀವು ಮೊದಲು ಕೂತ್ಕೊಳ್ಳಿ ಬೀಗರೇ." "ಛೇ ಛೇ, ನೀವು ಕೂತ್ಕೊಳ್ಳಿ." ಇಬ್ಬರೂ ನಿಂತೇ ಇರ್ತೀವಿ, ಅಷ್ಟರಲ್ಲಿ ನಮ್ಮ ಹೆಂಡಂದಿರು ಕೂತು ಕಾಫಿ ಕುಡಿದು ಲೋಟ ಕೆಳಗಿಟ್ಟಿರ್ತಾರೆ. ಜಗಳ ಏನೂ ಇಲ್ಲ. ಜಗಳ ಆಗಿದ್ರೆ ರಾಜಿಯಾದ್ರೂ ಆಗ್ತಿತ್ತು.

ಬೀಗರು ಬಾಗಿಲು ಕಿಟಕಿ ಮಾಡೋರು. ಮನೆ ಹಿಂದೇನೇ ಅವರ ಕಾರ್ಖಾನೆ. ಮಾತು ಕಡಿಮೆ. ನಾನು ಹತ್ತು ಮಾತಾಡಿದ್ರೆ ಅವರು "ಹೌದು" ಅಂತಾರೆ, ಇನ್ನೂ ಹತ್ತಾಡಿದ್ರೆ "ಹೌದು ಹೌದು". ಇವತ್ತೂ ಹಾಗೇ ಆಯ್ತು. ಮಾತಿಲ್ಲದ ಜಾಗ ತುಂಬಿಸೋಕೆ ಅಂತ ನಾನು ಬ್ಲೇಡಿನ ಡಬ್ಬಿ ತೆಗೆದೆ. ಬೀಗರು ಕನ್ನಡಕ ಹಾಕ್ಕೊಂಡು, ಬ್ಲೇಡನ್ನ ಮೂಗಿನ ಮುಂದೆ ಹಿಡಿದು, ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಿದ್ರು.

"ನೆಟ್ಟಗಿಲ್ಲ," ಅಂದ್ರು.

"ಅದು ಹಾಗೇ ಬೀಗರೇ. ತೊಟ್ಟಿಲ ಕಾಲಿನ ಥರ ತಳದಲ್ಲಿ ಚೂರು ಬಾಗಿರಬೇಕು."

"ಓ. ನೀವು ಹೇಳಿದ ಮೇಲೆ ಮುಗೀತು."

"ಇಲ್ಲ ಇಲ್ಲ, ನೀವು ಹೇಳಿದ್ದೂ ಸರಿನೇ."

ಮಗಳು ಅಡುಗೆಮನೆ ಬಾಗಿಲಲ್ಲಿ ನಿಂತು ಹಣೆ ಚಚ್ಚಿಕೊಂಡಳು.

ಕೂರಿಸೋನು ಸಿಕ್ತಿಲ್ಲ ಅಂತ ಬಾಯಿ ತಪ್ಪಿ ಹೇಳಿಬಿಟ್ಟೆ. ಬೀಗರು ಕನ್ನಡಕ ತೆಗೆದ್ರು. "ಯಾಕೆ, ನಾನಿಲ್ವಾ? ಸ್ಕ್ರೂ ತಾನೇ." ಬೇಡ ಅನ್ನೋಕಾಗುತ್ತಾ? ಹೆಣ್ಣು ಕೊಟ್ಟೋನು ನಾನು. "ನಿಮ್ಮ ಕೈ ತಾಗೋದು ನನ್ನ ಭಾಗ್ಯ" ಅಂದೆ. ಅದನ್ನ ಕೇಳಿ ನನ್ನ ಹೆಂಡ್ತಿಗೆ ಕೆಮ್ಮು ಬಂತು.

ಹೊರಡೋವಾಗ ಮಗಳು ಗೇಟಿನವರೆಗೂ ಬಂದಳು. "ಅಪ್ಪಾ, ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ನೀನು ಬರ್ತೀಯ ಅಂದ್ರೆ ಈ ಮನೇಲಿ ಎಲ್ಲರೂ ಬೆನ್ನು ನೆಟ್ಟಗೆ ಮಾಡ್ಕೊಂಡು ಕೂತ್ಕೋತಾರೆ. ನೀನು ಹೋದ ಮೇಲೆ ಉಸಿರು ಬಿಡ್ತಾರೆ."

"ನೀನು?"

"ನಾನೂ ಅಪ್ಪಾ." ನಗ್ತಾನೇ ಅಂದಳು. "ಮಾವ ಯಾರಿಗೂ ತಾವಾಗೇ ಏನೂ ಮಾಡಿಕೊಡ್ತೀನಿ ಅನ್ನಲ್ಲ. ನಿನಗೆ ಅಂದ್ರು. ದಯವಿಟ್ಟು ಇದನ್ನ ಕೆಡಿಸಬೇಡ."

ಕೆಡಿಸೋದೇನಿದೆ ಇದರಲ್ಲಿ, ಸ್ಕ್ರೂ ತಾನೇ. ಆದ್ರೂ ದಾರಿ ಪೂರ್ತಿ ಆ ಮಾತು, "ನಾನೂ ಅಪ್ಪಾ" ಅಂದಿದ್ದು, ಬೂಟಲ್ಲಿ ಸಿಕ್ಕ ಕಲ್ಲಿನ ಹಾಗೆ ಒತ್ತುತ್ತಾ ಇತ್ತು.

ಸೆಪ್ಟೆಂಬರ್ 8, ಮಂಗಳವಾರ

ಕೂತಿತು! ಬ್ಲೇಡು ಕೂತಿತು. ನಂಗೆ ಕುಣಿಯೋ ಹಾಗಾಗ್ತಿದೆ.

ಏನು ಕೈ ರೀ ಆ ಮನುಷ್ಯರದು. ಕಾರ್ಖಾನೇಲಿ ಮರದ ಹೊಟ್ಟಿನ ವಾಸನೆ, ಗೋಡೆ ತುಂಬ ಉಳಿ, ಒಂದೊಂದು ಉಳಿಗೂ ಅದರದೇ ಮೊಳೆ. ಬೂಟನ್ನ ತಲೆಕೆಳಗೆ ಮಾಡಿ ಮರದ ಅಚ್ಚಿಗೆ ಬಿಗಿದ್ರು. ಹಳೇ ಬ್ಲೇಡು ಬಿಚ್ಚಿದ್ರು. ಬೂಟಿನ ತಳದ ಅಟ್ಟೇಲಿದ್ದ ಹಳೇ ತೂತುಗಳಿಗೆ ಮರದ ಬೆಣೆ ಬಡಿದು, ಅಂಟು ಹಾಕಿ, ನೀರು ಇಳೀಬಾರದು ಅಂತ ವಾರ್ನಿಷ್ ಬಳಿದ್ರು. ಆಮೇಲೆ ಹಿಮ್ಮಡಿ ಹೊಲಿಗೆಯಿಂದ ಬೆರಳಿನ ತುದಿಯವರೆಗೆ ಒಂದು ದಾರ ಎಳೆದ್ರು, ಸರಿಯಾಗಿ ಮಧ್ಯಕ್ಕೆ. ಮೇಲೆ ರಸಮಟ್ಟ ಇಟ್ರು. ಗಾಜಿನ ಕೊಳವೇಲಿ ಗುಳ್ಳೆ ಅತ್ತ ಇತ್ತ ಓಡಾಡಿ ನಟ್ಟನಡುವೆ ಬಂದು ನಿಂತಿತು. ಒಂದು ಕೂದಲು ಆಚೆ ಇಲ್ಲ, ಈಚೆ ಇಲ್ಲ. ಬಾಗಿಲು ಕೂರಿಸೋದೂ ಹೀಗೇ ಅಂತೆ.

ನಾನು ಸುಮ್ನೆ ಕೂತಿರಲಿಲ್ಲ. ಉಕ್ಕಿನ ಬಗ್ಗೆ, ಹಲ್ಲಿನ ಬಗ್ಗೆ, ಬ್ಲೇಡಿಗೆ ಎರಡು ಅಂಚು ಇರುತ್ತೆ, ಮಧ್ಯ ಸಣ್ಣ ಕಾಲುವೆ ಥರ ತಗ್ಗು ಇರುತ್ತೆ ಅನ್ನೋದರ ಬಗ್ಗೆ, ಎಲ್ಲಾ ವಿವರಿಸಿದೆ. ಅವರು ಹೌದು ಹೌದು ಅಂದ್ರು.

ಒಂದು ಮಾತ್ರ... ಕೋಚ್ ಹೇಳಿದ್ರು, ಮೊದಲಿಗೆ ಉದ್ದನೆ ತೂತುಗಳಿಗೆ ಮಾತ್ರ ಸ್ಕ್ರೂ ಹಾಕಿಸಿ, ಸ್ವಲ್ಪ ದಿನ ಆಡಿ ನೋಡಿ, ಅತ್ತಿತ್ತ ಸರಿಸಿ, ಆಮೇಲೆ ಉಳಿದ ತೂತು ತುಂಬಿಸಿ ಅಂತ. ಅಷ್ಟೆಲ್ಲ ಮಾತಾಡಿದೆ, ಅದೊಂದು ಹೇಳೋದೇ ಮರೆತೆ. ನೆನಪಾಗೋ ಹೊತ್ತಿಗೆ ಬೀಗರು ಎಲ್ಲಾ ತೂತಿಗೂ ಸ್ಕ್ರೂ ಬಿಗಿದಾಗಿತ್ತು. "ಬೀಗರ ಕೆಲಸದಲ್ಲಿ ಒಂದು ತೂತೂ ಖಾಲಿ ಬಿಡೋನಲ್ಲ ನಾನು," ಅಂದ್ರು. ಅವರ ಬಾಯಲ್ಲಿ ಅಷ್ಟುದ್ದ ಮಾತು ನಾನು ಕೇಳಿರಲೇ ಇಲ್ಲ. ಕಣ್ಣಲ್ಲಿ ನೀರು ಬಂತು. ಹೇಗೆ ಬಿಚ್ಚಿ ಅನ್ನಲಿ? ರಸಮಟ್ಟ ಇಟ್ಟು ಕೂರಿಸಿದ್ದು, ಸರಿಯಾಗೇ ಇರುತ್ತೆ.

ಸ್ಕೇಟಿಂಗ್ ರಿಂಕಿನಲ್ಲೇ ಸಾಣೆ ಹಿಡಿಸಿದೆ. ನಾಳೆ ಐಸು.

ಸೆಪ್ಟೆಂಬರ್ 9, ಬುಧವಾರ

ಎಡಕ್ಕೆ ಎಳೀತಿದೆ.

ಹೊಸದು ತಾನೇ, ಒಗ್ಗುತ್ತೆ.

ಸೆಪ್ಟೆಂಬರ್ 12, ಶನಿವಾರ

ಒಗ್ಗಲಿಲ್ಲ.

ವೇಗ ಮಾತ್ರ ಏನು ಹೇಳಲಿ, ಒಂದು ಸಲ ಕಾಲು ಒತ್ತಿದ್ರೆ ಅರ್ಧ ರಿಂಕು ಹೋಗ್ತೀನಿ. ಹೊಸ ಟೈರು ಹಾಕಿಸಿದ ಗಾಡಿ. ಆದ್ರೆ ಬಲಗಾಲ ಮೇಲೆ ನಿಂತ ತಕ್ಷಣ ಪಾದದ ಮೇಲಿನ ಹರಡು ಒಳಗಡೆ ಕುಸಿಯುತ್ತೆ, ಗಾಡಿ ಎಡಕ್ಕೆ ತಿರುಗುತ್ತೆ. ನಂಗೆ ಇದು ಗೊತ್ತಿಲ್ವಾ? ಇಡೀ ಜನ್ಮ ಇದೇ ಕೆಲಸ. ಸ್ಟೇರಿಂಗ್ ಒಂದು ಕಡೆ ಎಳೆದ್ರೆ ಅದು ಅಲೈನ್‌ಮೆಂಟು. ಜಿಗಿದು ಇಳಿದ್ರೆ ಹೊರ ಅಂಚು ಸಿಗಲ್ಲ, ಒಳ ಅಂಚಿಗೆ ಜಾರಿ ಧೊಪ್. ಸೊಂಟದ ಪಕ್ಕ ಬದನೆಕಾಯಿ ಬಣ್ಣ ಬಂದಿದೆ.

ಕೋಚ್ ಬಂದು ನನ್ನ ಬೂಟು ಎತ್ತಿ ನೋಡಿದ್ರು. "ಯಾರು ಸರ್ ಕೂರಿಸಿದ್ದು? ಎಲ್ಲಾ ತೂತೂ ತುಂಬಿಸಿದ್ದಾರೆ."

"ನಮ್ಮ ಬೀಗರು."

"ಬಿಚ್ಚಿಸಿ. ಬಲಗಾಲಿಂದು ಒಂದು ಅಕ್ಕಿಕಾಳಿನಷ್ಟು ಒಳಗೆ ಬರಬೇಕು."

"ಮೇಡಂ, ಬೀಗರು ಅಂದೆ."

"ಕೇಳಿಸ್ತು ಸರ್. ಬಿಚ್ಚಿಸಿ."

ಇನ್ನೂ ಮದುವೆಯಾಗಿಲ್ಲ ಆಯಮ್ಮನಿಗೆ. ಬೀಗರು ಅಂದ್ರೇನು ಅಂತ ಹೇಗೆ ಗೊತ್ತಾಗಬೇಕು? ಗಂಡಿನ ತಂದೆ, ತಾನಾಗೇ ಬಾಯಿಬಿಟ್ಟು, ತನ್ನ ಕೆಲಸ ಬಿಟ್ಟು ಕೂತು ಮಾಡಿಕೊಟ್ಟಿದ್ದು. ಅದನ್ನ ಸೊಟ್ಟ ಅನ್ನೋದು ಹೇಗೆ? ಬೇರೆಯೋರ ಹತ್ತಿರ ಹೋಗಿ ಬಿಚ್ಚಿಸಿದ್ರೆ ಇನ್ನೂ ಕೆಟ್ಟದು, ತಿಳಿಯದೇ ಇರುತ್ತಾ?

ಸಂಜೆ ಮಗಳು ಫೋನ್ ಮಾಡಿದಳು. "ಅಪ್ಪಾ, ಮಾವ ಕೇಳ್ತಿದ್ದಾರೆ, ಬ್ಲೇಡು ಹೇಗಿದೆ ಅಂತ. ಈ ವಾರ ನಾಲ್ಕನೇ ಸಲ ಕೇಳಿದ್ರು."

"ಬೆಣ್ಣೆ ಹಾಗಿದೆ ಅನ್ನು."

ಹಿಂದೆ ಯಾರೋ ಸಣ್ಣಗೆ ನಕ್ಕಿದ್ದು ಕೇಳಿಸ್ತು. ಬೀಗರೇ ಇರಬೇಕು. ಹಾಗೆ ನಕ್ಕ ಮನುಷ್ಯರಿಗೆ ಏನಂತ ಹೇಳೋದು.

ಸೆಪ್ಟೆಂಬರ್ 15, ಮಂಗಳವಾರ

ಬೂಟೊಳಗೆ ಹರಡಿನ ಕಡೆ ರಟ್ಟು ಮಡಚಿ ಇಟ್ಟೆ. ಬೆವರಿಗೆ ಹಿಟ್ಟಾಯ್ತು. ಸೊಂಟಕ್ಕೆ ಹೆಂಡ್ತಿ ಬಿಸಿನೀರಿನ ಚೀಲ ಇಟ್ಟಳು. "ಬಾಯಿ ಇರೋದು ಯಾತಕ್ಕೆ ರೀ?" ಅಂದಳು. "ಲೋಕಕ್ಕೆಲ್ಲ ಕ್ಲಚ್ ಬಿಡಿ, ಗೇರ್ ಹಾಕಿ ಅಂತೀರಿ. ಒಂದು ಸ್ಕ್ರೂ ಬಿಚ್ಚಿ ಅನ್ನೋಕಾಗಲ್ವಾ?"

"ನೀನೇ ಹೇಳು ಬೀಗಿತ್ತಿ ಹತ್ತಿರ."

ಬಿಸಿನೀರಿನ ಚೀಲ ತಿರುಗಿಸಿ ಇಟ್ಟಳು.

ಸೆಪ್ಟೆಂಬರ್ 17, ಗುರುವಾರ

ಕೆಟ್ಟಿತು ಕೆಲಸ. ನಾಳೆ ಬೀಗರೇ ರಿಂಕಿಗೆ ಬರ್ತಾರಂತೆ. "ತಾವು ಕೂರಿಸಿದ್ದನ್ನ ಒಮ್ಮೆ ಓಡಿಸಿ ನೋಡ್ತಾರಂತೆ ಅಪ್ಪಾ, ಕರ್ಕೊಂಡು ಹೋಗು," ಅಂದಳು ಮಗಳು. ಎಷ್ಟು ಖುಷಿ ಅವಳ ದನೀಲಿ. ಅವಳ ಮಾವ ಇಸ್ತ್ರಿ ಮಾಡಿದ ಅಂಗಿ ಎತ್ತಿಡು ಅಂದರಂತೆ.

ನಾಳೆ ನಾನು ಬೀಳಬಾರದು. ಅಷ್ಟೇ. ಜಿಗಿಯೋದೇ ಬೇಡ, ಸುಮ್ನೆ ಸುತ್ತು ಹೊಡೆದು ಕೈ ಬೀಸಿ ಬಂದುಬಿಡ್ತೀನಿ.

ಸೆಪ್ಟೆಂಬರ್ 18, ಶುಕ್ರವಾರ

ಇದನ್ನ ಮೊದಲಿಂದ ಹೇಳಬೇಕು.

ಬೀಗರನ್ನ ಕಾರಲ್ಲಿ ಕೂರಿಸ್ಕೊಂಡು ಹೋದೆ. ಪಕ್ಕದ ಸೀಟು, ಅಂದ್ರೆ ನಾನು ದಿನಾ ಕೂರೋ ಸೀಟು, ಕಾಲ ಕೆಳಗೆ ಬ್ರೇಕು. ಅದನ್ನ ನೋಡಿ ಬೀಗರು ಎರಡೂ ಕಾಲನ್ನ ಸೀಟಿನ ಕೆಳಗೆ ಎಳ್ಕೊಂಡು, ಮಂಡಿ ಗಟ್ಟಿಯಾಗಿ ಜೋಡಿಸಿ, ತೊಡೆ ಮೇಲೆ ಕೈಯಿಟ್ಟು ಕೂತ್ರು. ರಿಂಕು ಬರೋವರೆಗೂ ಅಲುಗಾಡಲಿಲ್ಲ. ನನ್ನ ಬ್ರೇಕಿಗೆ ಅವರ ಪಾದ ತಾಗಬಾರದಂತೆ.

ರಿಂಕಲ್ಲಿ ಕಟ್ಟೆ ಪಕ್ಕ ನಿಂತ್ರು, ಇಸ್ತ್ರಿ ಅಂಗಿ, ಚಳೀಗೆ ಕೈ ಕಂಕುಳಲ್ಲಿ. ನಾನು ಎರಡು ಸುತ್ತು ಹೊಡೆದೆ. ಅಷ್ಟಕ್ಕೇ ಬಂದುಬಿಡಬೇಕಿತ್ತು. ಆದ್ರೆ ಅವರ ಮುಖ ನೋಡಿ, ಎಲ್ಲೋ ಒಂದು ಸಲ ಸರಿಯಾಗಿಬಿಡಬಹುದು ಅನಿಸಿ ಜಿಗಿದೆ. ಧೊಪ್. ಅವರು ಚಪ್ಪಾಳೆ ತಟ್ಟಿದ್ರು. ಮತ್ತೆ ಜಿಗಿದೆ. ಧೊಪ್. ಮತ್ತೆ ಚಪ್ಪಾಳೆ, ಸ್ವಲ್ಪ ಮೆಲ್ಲಗೆ. ಮೂರನೇ ಸಲ ಬಿದ್ದಾಗ ಹಲ್ಲಿಲ್ಲದ ಹುಡುಗಿ ಬಂದು, "ಅಳಬಾರದು ಅಂಕಲ್" ಅಂದಳು.

"ತುಂಬಾ ಚೆನ್ನಾಗಿತ್ತು," ಅಂದ್ರು ಬೀಗರು.

"ಎಲ್ಲಾ ನಿಮ್ಮ ಕೈಗುಣ ಬೀಗರೇ," ಅಂದೆ. ಅಂದ ಮೇಲೆ ನಾಲಿಗೆ ಕಚ್ಕೊಂಡೆ.

ವಾಪಸ್ ಬರ್ತಾ ಇಬ್ಬರಿಗೂ ಮಾತಿಲ್ಲ. ನಂಗೆ ಅದು ತಡೆಯೋಕಾಗಲ್ಲ, ಹಾಗಾಗಿ ಸಿಗ್ನಲ್ಲಿನ ಬಗ್ಗೆ, ಗಾಜಿನ ಮೇಲಿನ ಮಂಜಿನ ಬಗ್ಗೆ ಏನೇನೋ ಹೇಳ್ತಿದ್ದೆ. ಬೀಗರು ರಸ್ತೆ ನೋಡ್ತಾ ಇದ್ದೋರು ಮೆಲ್ಲಗೆ, "ಈ ಗಾಡಿ ಚೂರು ಎಡಕ್ಕೆ ಎಳೀತಿದೆ ಅನ್ಸುತ್ತೆ, ಅಲ್ವಾ?" ಅಂದ್ರು.

ಏನು ಬೇಕಾದ್ರೂ ಅನ್ನಿ ನನ್ನನ್ನ. ನನ್ನ ಗಾಡಿಯನ್ನ ಅನ್ನಬೇಡಿ. ತಿಂಗಳಿಗೊಮ್ಮೆ ನಾನೇ ನಿಂತು ನೋಡಿಸ್ತೀನಿ.

"ಗಾಡಿ ನೆಟ್ಟಗಿದೆ ಬೀಗರೇ. ಎಳೀತಿರೋದು ನೀವು ಕೂರಿಸಿದ ಬ್ಲೇಡು."

ಬೀಗರ ಕಾಲು ಬ್ರೇಕ್ ಮೇಲೆ ಬಿತ್ತು. ನಡುರಸ್ತೇಲಿ ಗಾಡಿ ಗಕ್ಕಂತ ನಿಂತು ಬಂದಾಯ್ತು. ಹಿಂದಿಂದ ಹಾರ್ನೋ ಹಾರ್ನು.

"ಯಾವತ್ತಿಂದ?"

"ಮೊದಲ ದಿನದಿಂದ."

"ಬೆಣ್ಣೆ ಹಾಗಿದೆ ಅಂದ್ರಂತೆ."

"ಬೆಣ್ಣೇನೂ ಜಾರುತ್ತಲ್ಲ ಬೀಗರೇ."

"ನಾನು ಮೊದಲನೇ ಸುತ್ತಲ್ಲೇ ನೋಡ್ದೆ. ನಿಮ್ಮ ಕಾಲೇ ಸೊಟ್ಟ ಅಂದ್ಕೊಂಡೆ. ಬೀಗರ ಕಾಲು ಸೊಟ್ಟ ಅಂತ ಬಾಯಿಬಿಟ್ಟು ಹೇಗೆ ಹೇಳೋದು?"

"ಬೀಗರ ಕೆಲಸ ಸೊಟ್ಟ ಅಂತ ನಾನು ಹೇಗೆ ಹೇಳೋದು?"

"ನನ್ನ ಕೆಲಸ ಸೊಟ್ಟ ಅಲ್ಲ."

"ನನ್ನ ಕಾಲೂ ಸೊಟ್ಟ ಅಲ್ಲ."

ಹಿಂದಿನ ಗಾಡಿಯೋನು ಇಳಿದು ಬಂದು ಗಾಜು ತಟ್ಟಿದ. ಕಾರಿನ ಮೇಲಿನ ಬೋರ್ಡು ನೋಡಿ, "ಡ್ರೈವಿಂಗ್ ಸ್ಕೂಲಾ? ಮೊದಲು ಮೇಷ್ಟ್ರಿಗೆ ಕಲಿಸಿ ಸ್ವಾಮಿ," ಅಂದ.

ಬೀಗರು ಗಾಜು ಇಳಿಸಿ, "ಅವರು ಸರಿಯಾಗೇ ಓಡಿಸ್ತಿದ್ರು. ಬ್ರೇಕ್ ಹಾಕಿದ್ದು ನಾನು," ಅಂದ್ರು. ಆಮೇಲೆ ನನ್ನ ಕಡೆ ತಿರುಗಿದ್ರು. "ಎಷ್ಟು ಬಿದ್ದಿದ್ದೀರಿ ಈ ಹತ್ತು ದಿನ?"

ನಾನು ಸೊಂಟ ಸವರಿಕೊಂಡೆ.

"ಸೊಸೆಗೆ ಗೊತ್ತಾ?"

"ಇಲ್ಲ."

"ಹೇಳಬೇಡಿ. ನಡೀರಿ ಕಾರ್ಖಾನೆಗೆ."

ಸೆಪ್ಟೆಂಬರ್ 19, ಶನಿವಾರ

ಸ್ಕ್ರೂ ಎಲ್ಲಾ ಬಿಚ್ಚಾಯ್ತು. ಬೆಣೆ ಬಡಿದು ಅಂಟು ಒಣಗೋಕೆ ಬಿಟ್ಟಿದೀವಿ. ಇವತ್ತು ಬೀಗರು ಬೂಟನ್ನ ಮುಟ್ಟೋಕೂ ಮೊದಲು, "ಕಾಲುಚೀಲ ತೆಗೀರಿ," ಅಂದ್ರು. ಹೊಟ್ಟಿನ ನೆಲದ ಮೇಲೆ ಬರಿಗಾಲಲ್ಲಿ ನಡೆಸಿದ್ರು. ಹೋಗಿ. ಬನ್ನಿ. ತಿರುಗಿ. ನನ್ನ ಹಿಂದೆ ನೆಲಕ್ಕೆ ಕೂತು ಹಿಮ್ಮಡಿ ನೋಡಿದ್ರು. ಹರಡನ್ನ ಎರಡು ಬೆರಳಲ್ಲಿ ಹಿಡಿದು ಒತ್ತಿ ನೋಡಿದ್ರು.

"ಬಲಗಾಲು ಒಳಗೆ ವಾಲಿದೆ. ಎಡಗಾಲು ಅಷ್ಟಿಲ್ಲ. ಬ್ರೇಕ್ ಮೇಲೆ ಇಟ್ಕೊಂಡಿರೋದು ಇದೇ ಕಾಲಲ್ವಾ?"

ನಾನು ದಂಗಾದೆ. ಇಷ್ಟು ವರ್ಷ ಆ ಕಾಲು ಬ್ರೇಕ್ ಮೇಲೆ ಹೀಗೇ ಒಳಕ್ಕೆ ತಿರುಗಿ ಕಾಯ್ತಾ ಕೂತಿರುತ್ತೆ. ಅದು ಅದರ ನಿಲುವೇ ಆಗಿಹೋಗಿದೆ.

"ಬಾಗಿಲು ಕೂರಿಸೋಕೆ ಮೊದಲು ಗೋಡೆ ನೋಡ್ತೀವಿ," ಅಂದ್ರು ಬೀಗರು. "ಯಾವ ಗೋಡೆನೂ ರಸಮಟ್ಟಕ್ಕೆ ಇರಲ್ಲ. ಗೋಡೆ ಹೇಗಿದೆಯೋ ಹಾಗೆ ಚೌಕಟ್ಟು. ಅವತ್ತು ನಾನು ಗೋಡೆನೇ ನೋಡಲಿಲ್ಲ."

"ಯಾಕೆ ನೋಡಲಿಲ್ಲ?"

"ಬೀಗರನ್ನ ಕಾಲುಚೀಲ ತೆಗೀರಿ, ಕಾಲು ತೋರಿಸಿ ಅನ್ನೋಕಾಗುತ್ತಾ?"

ಆಮೇಲೆ ಇಬ್ಬರೂ ನಕ್ಕಿದ್ದು ನೋಡಿ ಮಗಳು ಹಿತ್ತಲ ಬಾಗಿಲಿಂದ ಇಣುಕಿದಳು. ಏನಿಲ್ಲ ಹೋಗು ಅಂತ ಇಬ್ಬರೂ ಒಟ್ಟಿಗೇ ಅಂದ್ವಿ. ಅಂಟು ಒಣಗೋವರೆಗೂ ಹರಟೆ. ಮಾತು ಕಡಿಮೆ ಅಂದಿದ್ನಲ್ಲ ನಾನು? ಮರದ ವಿಷಯ ಎತ್ತಿದ್ರೆ ನನ್ನನ್ನೇ ಮೀರಿಸ್ತಾನೆ ಬೀಗ. ಒಂದು ತೇಗದ ಬಾಗಿಲಿನ ಕಥೆ ಶುರು ಮಾಡಿದ, ನಾನು ಬರೋವಾಗಲೂ ಮುಗಿದಿರಲಿಲ್ಲ.

ಸೆಪ್ಟೆಂಬರ್ 22, ಮಂಗಳವಾರ

ಉದ್ದ ತೂತಿಗೆ ಮಾತ್ರ ಸ್ಕ್ರೂ. ಬೀಗ ಸ್ಕ್ರೂಡ್ರೈವರ್ ಜೇಬಲ್ಲಿಟ್ಟುಕೊಂಡು ರಿಂಕಿನ ಕಟ್ಟೆಗೆ ಒರಗಿ ನಿಂತಿದ್ದ. ಈ ಸಲ ಇಸ್ತ್ರಿ ಅಂಗಿ ಅಲ್ಲ, ಮಗನ ಹಳೇ ಸ್ವೆಟರು, ತಲೆಗೆ ಮಫ್ಲರು. ನಾನು ಒಂದು ಸುತ್ತು ಹೊಡೆದು ಬರೋದು, ಕಾಲು ಕಟ್ಟೆ ಮೇಲಿಡೋದು, ಅವನು ಸ್ಕ್ರೂ ಸಡಿಲ ಮಾಡಿ, ಬ್ಲೇಡನ್ನ ಹೆಬ್ಬೆರಳಲ್ಲಿ ತಳ್ಳಿ, ಬಿಗಿದು, "ಹೋಗು" ಅನ್ನೋದು.

"ಇನ್ನೂ ಎಳೀತಿದೆ."

"ಎಷ್ಟು?"

"ಅರ್ಧ ಅಕ್ಕಿಕಾಳು."

"ಅರ್ಧ ಅಕ್ಕಿಕಾಳು ತಿಳಿಯುತ್ತೇನೋ ನಿನಗೆ?"

"ಗಾಡಿ ಓಡಿಸೋನು ಕಣೋ ನಾನು."

ಮತ್ತೆ ತಳ್ಳಿದ. ಈ ಸಲ ಬಲಗಾಲ ಮೇಲೆ ನಿಂತೆ, ಅದು ನಿಂತಿತು. ನಾನು ನಿಲ್ಲಿಸಲಿಲ್ಲ, ಅದೇ ನಿಂತಿತು. ಯಾರೋ ಕೈ ಹಿಡಿದು ಮೆಲ್ಲಗೆ ಬಳಸಿ ಕರ್ಕೊಂಡು ಹೋದ ಹಾಗೆ, ಹೊರ ಅಂಚಿನ ಮೇಲೆ, ಸುತ್ತಾ... ನಾನು ಕೂಗಿಬಿಟ್ಟೆ. ಬೀಗ ಕಟ್ಟೆ ಮೇಲಿಂದ ಬಗ್ಗಿ ಐಸ್ ಮೇಲೆ ಬಿದ್ದ ಗೆರೆ ನೋಡ್ತಿದ್ದ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅವನಿಗೆ ಗೆರೆ ಮುಖ್ಯ.

ಜಿಗಿದಾಗ ಮಾತ್ರ ಬ್ಲೇಡಿನ ಹೊಸ ಹಲ್ಲು ಎಡವಿಸ್ತು, ಮೂಗು ಮುಂದೆ ಮಾಡಿ ಬಿದ್ದೆ. ಬೀಗ ಚಪ್ಪಾಳೆ ತಟ್ಟಲಿಲ್ಲ. "ಕಣ್ಣು ಎಲ್ಲಿಟ್ಟಿದ್ದೆ? ನೆಲ ನೋಡ್ತೀಯಲ್ಲ, ಏನಾದ್ರೂ ಬೀಳಿಸ್ಕೊಂಡಿದ್ದೀಯಾ ಅಲ್ಲಿ?" ಅಂದ.

ಕೋಚ್ ಬಂದು, "ಸರ್, ಕೋಚ್ ಯಾರು, ನಾನಾ ಇವರಾ?" ಅಂದ್ರು.

ಸೆಪ್ಟೆಂಬರ್ 24, ಗುರುವಾರ

ಮಗಳ ಫೋನು. ನಗ್ತಿದ್ದಾಳೋ ಅಳ್ತಿದ್ದಾಳೋ ತಿಳೀಲಿಲ್ಲ. "ಅಪ್ಪಾ, ಮಾವ ಈಗ ಏನಂದ್ರು ಗೊತ್ತಾ? 'ಎಲ್ಲಿ ಆ ಬಾಯಿಬಡುಕ, ಇವತ್ತು ಬರಲ್ವಂತಾ?' ಅಂದ್ರು. ಅತ್ತೆ ಕೈಲಿದ್ದ ತಟ್ಟೆ ಬಿಟ್ಟುಬಿಟ್ರು."

"ಬಾಯಿಬಡುಕ ಅಂತಾನಾ? ತೇಗದ ಬಾಗಿಲಿನ ಕಥೆ ಶನಿವಾರದಿಂದ ಹೇಳ್ತಿರೋನು ಯಾರಂತೆ? ಕೇಳು ಅವನನ್ನ."

ಆ ಕಡೆ ಇದ್ದಕ್ಕಿದ್ದಂತೆ ಸದ್ದಿಲ್ಲ. ಲೈನ್ ಹೋಯ್ತೇನೋ ಅಂದ್ಕೊಂಡೆ. ಆಮೇಲೆ ನೋಡಿದ್ರೆ ಅವಳು ಉಸಿರು ಸಿಗದ ಹಾಗೆ ನಗ್ತಿದ್ದಾಳೆ. ಅಷ್ಟು ನಗೋಂಥದ್ದು ಏನಂದೆ ನಾನು? ಈ ಹುಡುಗಿ ಚಿಕ್ಕೋಳಿದ್ದಾಗಿಂದ ಹೀಗೇ.

ಸೆಪ್ಟೆಂಬರ್ 26, ಶನಿವಾರ

ಉಳಿದ ಸ್ಕ್ರೂ ಹಾಕಿಸೋ ದಿನ. ಜಾಗ ಸರಿಯಾಗಿದೆ, ಗಟ್ಟಿ ಮಾಡಿ ಅಂದ್ರು ಕೋಚ್. ನಿನ್ನೆ ಆರು ಸಲ ಜಿಗಿದು ಎರಡು ಸಲ ಸರಿಯಾಗಿ ಇಳಿದೆ. ನಾಲ್ಕು ಸಲ ಇಲ್ಲ. ಆ ನಾಲ್ಕರ ಬಗ್ಗೆ ಮಾತಾಡೋದು ಬೇಡ.

ಬೀಗ ಒಂದೊಂದೇ ಸ್ಕ್ರೂ ಮೇಣದಲ್ಲಿ ಅದ್ದಿ ಬಿಗಿದ. ಕೊನೇಗೆ ಬಲಗಾಲಿನ ಬೂಟಲ್ಲಿ ಒಂದು ತೂತು ಖಾಲಿ ಉಳೀತು. ಅವನು ಸ್ಕ್ರೂಡ್ರೈವರ್ ಕೆಳಗಿಟ್ಟ.

"ಒಂದು ಬಿಟ್ಟೆಯಲ್ಲೋ."

"ಇರಲಿ."

"ಬೀಗರ ಕೆಲಸದಲ್ಲಿ ಒಂದು ತೂತೂ ಖಾಲಿ ಬಿಡೋನಲ್ಲ ಅಂದಿದ್ದೆ?"

"ಅವತ್ತು ನಿನ್ನ ಕಾಲು ನೋಡಿರಲಿಲ್ಲ. ನಾಳೆ ಎತ್ತ ತಿರುಗುತ್ತೋ ಯಾರಿಗೆ ಗೊತ್ತು. ಆಗ ಬಾ."

ಬೂಟು ಮಡಿಲಲ್ಲಿಟ್ಕೊಂಡು ಕಾರಲ್ಲಿ ಕೂತಿದ್ದೀನಿ. ಹೆಬ್ಬೆರಳು ಆ ಖಾಲಿ ತೂತನ್ನೇ ಸವರ್ತಾ ಇದೆ. ಹೇಳೋಕೆ ಬೇರೇನಿಲ್ಲ ಇವತ್ತು.

ಸೆಪ್ಟೆಂಬರ್ 27, ಭಾನುವಾರ

ಮೆಲ್ಲಗೆ ಮಾತಾಡ್ತೀನಿ. ಎಲ್ಲರೂ ಮಲಗಿದ್ದಾರೆ. ಮಗಳ ಮನೆ ಹಾಲಲ್ಲಿದ್ದೀನಿ, ಊಟ ಆಗಿದೆ.

ರಿಂಕಿಗೆ ಹೋಗೋವಾಗ ಬೀಗ ಪಕ್ಕದ ಸೀಟಲ್ಲಿ ಕಾಲು ಚಾಚಿ ಕೂತು ನಾಲ್ಕು ಕಡೆ ಬ್ರೇಕ್ ಹಾಕಿದ. ಒಂದು ಕಡೆ ಹಾಕಬೇಕಾಗಿತ್ತು, ಮೂರು ಕಡೆ ಸುಮ್ನೆ. "ನಿನ್ನ ವೇಗಕ್ಕೆ ಇಬ್ಬರು ಬೇಕು," ಅಂದ.

ಪರೀಕ್ಷೆ. ಮೂವರು ಕೂತಿದ್ರು, ಕಂಬಳಿ ಹೊದ್ಕೊಂಡು, ಕೈಲಿ ಪೆನ್ನು. ಸುತ್ತು, ಬಾಗು, ಹಿಮ್ಮುಖ, ಎಲ್ಲಾ ಸಲೀಸು. ಮೊದಲ ಜಿಗಿತಕ್ಕೆ ಕೈ ಐಸಿಗೆ ತಾಗ್ತು. ಇನ್ನೊಂದು ಅವಕಾಶ ಕೊಡ್ತೀವಿ ಅಂದ್ರು. ಆಗ ಕಟ್ಟೆ ಕಡೆಯಿಂದ ಬೀಗ, ಜೋರಾಗಲ್ಲ, ಪಕ್ಕದಲ್ಲಿ ಕೂತು ಹೇಳೋ ಹಾಗೆ, "ಬ್ರೇಕಿಂದ ಕಾಲು ತೆಗಿ," ಅಂದ.

ತೆಗೆದೆ. ಬ್ಲೇಡಿನ ಹಲ್ಲು ಐಸನ್ನ ಕಚ್ಚಿತು, ಮೇಲೆ ಹೋದೆ, ತಿರುಗಿದೆ. ಬಲಗಾಲು ಇಳೀತು, ಹೊರ ಅಂಚು, ಹಿಮ್ಮುಖವಾಗಿ ಹೋಗ್ತಾನೇ ಇದ್ದೀನಿ, ಇನ್ನೊಂದು ಕಾಲು ಗಾಳೀಲಿ, ಎಲ್ಲೂ ಊರಬೇಕು ಅನ್ಸಲೇ ಇಲ್ಲ. ಊರಿದ್ದು ನಾನೇ, ಗೋಡೆ ಬಂತು ಅಂತ. ಪಾಸು. ದೊಡ್ಡೋರ ತರಗತಿ. ಹಲ್ಲಿಲ್ಲದ ಹುಡುಗಿ ಓಡಿ ಬಂದು ನನ್ನ ಮುಖ ನೋಡಿ, "ಅಂಕಲ್, ಈಗ ಅಳಬಹುದು," ಅಂದಳು. ಅವಳಿಗೆ ಹಲ್ಲು ಬರ್ತಿದೆ.

ಬೀಗ ಕಟ್ಟೆ ದಾಟಿ, ಚಪ್ಪಲಿ ಕಾಲಲ್ಲೇ ಐಸ್ ಮೇಲೆ ಬಂದು ಬಗ್ಗಿ ಕೂತುಬಿಟ್ಟ. ಕೋಚ್ ಕೂಗ್ತಿದ್ರು, ಚಪ್ಪಲಿ ಹಾಕ್ಕೊಂಡು ಬರಬೇಡಿ ಅಂತ. ಅವನಿಗೆ ಎಲ್ಲಿ ಕೇಳಬೇಕು. ನಾನು ಇಳಿದ ಜಾಗದಿಂದ ಗೋಡೆಯವರೆಗೂ ಬೆರಳಿಟ್ಟು ಹೋದ. "ನೋಡೋ, ಒಂದೇ ಗೆರೆ," ಅಂದ. ಎದ್ದು ನಿಲ್ಲೋಕೆ ಹೋಗಿ ಜಾರಿ ಬಿದ್ದ. ನಾನು ಎತ್ತೋಕೆ ಹೋಗಿ ಅವನ ಮೇಲೇ ಬಿದ್ದೆ. ಪರೀಕ್ಷೆ ಆಗಲೇ ಮುಗಿದಿತ್ತು, ಪುಣ್ಯಕ್ಕೆ.

ಈಗ ಎದುರಿಗೆ ಸೋಫಾ ಮೇಲೆ ಬಾಯಿ ತೆರ್ಕೊಂಡು ಮಲಗಿದ್ದಾನೆ. ಒಂದು ಕಾಲು ಕೆಳಗೆ, ಒಂದು ಕಾಲು ನನ್ನ ಕುರ್ಚಿ ಮೇಲೆ. ಏನು ಗೊರಕೆ ಮಾರಾಯ, ಮರಕ್ಕೆ ರಂದ ಹೊಡೆದ ಹಾಗೆ. ನನ್ನ ಹೆಂಡ್ತಿ, ಬೀಗಿತ್ತಿ ಒಳಗೆ ಚಾಪೆ ಹಾಸ್ಕೊಂಡಿದ್ದಾರೆ. ಮಗಳು ಬಾಗಿಲ ಹತ್ತಿರ ನೆಲದಲ್ಲೇ ಕೂತು, ಗೋಡೆಗೊರಗಿ, ಕಾಲು ನೀಡಿ, ಅಲ್ಲೇ ನಿದ್ದೆ ಹೋಗಿದ್ದಾಳೆ. ಬೆನ್ನು ಪೂರ್ತಿ ಬಾಗಿದೆ, ಕತ್ತು ನೋಯುತ್ತೆ. ಎಬ್ಬಿಸೋಣ ಅಂದ್ರೆ...

ಏನು? ಇಲ್ಲ ಕಂದಾ, ಯಾರ ಹತ್ತಿರಾನೂ ಇಲ್ಲ. ಸರಿ, ಸುಮ್ನಾದೆ. ಮಲಗು. ಅವನು ಎದ್ದರೆ ಮತ್ತೆ ಆ ತೇಗದ ಬಾಗಿಲು ಶುರು ಮಾಡ್ತಾನೆ.